ಘಟ್ಟದ ಮೇಲೆ, ಘಟ್ಟದ ಕೆಳಗೆ: ಲ್ಯಾಪ್‌ಟಾಪಿನಲ್ಲೊಂದು ಜಿಲ್ಲೆ

ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕಾ, ಬೇಡವಾ? ನಮ್ಮ ಕಡೆ ಈ ಮಾತು ಎತ್ತಿದರೆ ಚಹಾ ಆರಿದರೂ ಚರ್ಚೆ ಮುಗಿಯುವುದಿಲ್ಲ. ದೇವಿಮನೆ ಘಟ್ಟ ಇಳಿದು, ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಕಾಗದಪತ್ರ ಹಿಡಿದು ಹೋಗುವವರ ಲೆಕ್ಕವೇ ಬೇರೆ, ಕರಾವಳಿಯವರ ಲೆಕ್ಕವೇ ಬೇರೆ. ಇದನ್ನೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆಡಿಸಿ ನೋಡಿದೆ.

ಬಳಸಿದ್ದು 2000ರಲ್ಲಿ ಗಿಯೋಮ್ ಡೆಫುವಾಂ ಮತ್ತು ಸಂಗಡಿಗರು ಕೊಟ್ಟ ಮಾದರಿ. ಒಬ್ಬೊಬ್ಬರ ಅಭಿಪ್ರಾಯ 0ರಿಂದ 1ರೊಳಗಿನ ಒಂದು ಸಂಖ್ಯೆ: 0 ಅಂದರೆ ಜಿಲ್ಲೆ ಬೇಡವೇ ಬೇಡ, 1 ಅಂದರೆ ಬೇಕೇ ಬೇಕು. ಯಾರೋ ಇಬ್ಬರು ಎದುರಾಗುತ್ತಾರೆ. ಅವರ ನಡುವಿನ ಅಂತರ ಮಿತಿಯೊಳಗಿದ್ದರೆ ಒಬ್ಬರತ್ತ ಒಬ್ಬರು ಸರಿಯುತ್ತಾರೆ, ಇಲ್ಲದಿದ್ದರೆ ಸುಮ್ನೆ ಹೋಗುತ್ತಾರೆ. ಅಷ್ಟೇ. 400 ಜನ, ಮಿತಿ 0.3. ಅಂಚಿನ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ನಡುವೆ ಬಂದು ಕೂತರು.

ಆಮೇಲೆ ಅರ್ಧ ಜನರಿಗೆ ‘ಮೇಲಿನವರು’, ಉಳಿದವರಿಗೆ ‘ಕೆಳಗಿನವರು’ ಎಂದು ಚೀಟಿ ಅಂಟಿಸಿದೆ. ತಮ್ಮವರ ಮಾತಿಗೆ ಮಿತಿ 0.3, ಆಚೆಯವರ ಮಾತಿಗೆ ಬರೀ 0.05. ಇನ್ನೇನು, ಜಿಲ್ಲೆ ಒಡೆಯಬೇಕು, ಅಲ್ವಾ? ಒಡೆಯಲಿಲ್ಲ! ಎರಡೂ ಕಡೆ ಎಲ್ಲ ಥರದ ಅಭಿಪ್ರಾಯ ಸಮನಾಗಿ ಹರಡಿದ್ದರೆ, ಎರಡೂ ಗುಂಪು ತಮ್ಮ ಪಾಡಿಗೆ ತಾವು ನಡೆದು 0.5ರ ಹತ್ತಿರವೇ ಬರುತ್ತವೆ. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರಲ್ಲಿ ಪ್ರಕಟಿಸಿದ ಬ್ರಿಸ್ಟಲ್ ಪ್ರಯೋಗದಲ್ಲಿ ಹುಡುಗರನ್ನು ಚಿತ್ರಕಾರ ಕ್ಲೀಯನ್ನು ಮೆಚ್ಚಿದವರು, ಚಿತ್ರಕಾರ ಕ್ಯಾಂಡಿನ್‌ಸ್ಕಿಯನ್ನು ಮೆಚ್ಚಿದವರು ಎಂಬ ನೆಪದಲ್ಲಿ ಎರಡು ಗುಂಪು ಮಾಡಿದ್ದೇ ಸಾಕಾಗಿತ್ತು, ದುಡ್ಡು ಹಂಚುವಾಗ ಅವರು ತಮ್ಮವರ ಕಡೆ ವಾಲಿದರು. ಪಕ್ಷಪಾತಕ್ಕೆ ಚೀಟಿ ಸಾಕು. ಅಭಿಪ್ರಾಯ ಸೀಳುವುದಕ್ಕೆ ಸಾಲದು.

ಶುರುವಿನಲ್ಲೇ ಸ್ವಲ್ಪ ವಾಲು ಕೊಟ್ಟೆ. ಮೇಲಿನವರಿಗೆ 0.2ರಿಂದ 1, ಕೆಳಗಿನವರಿಗೆ 0ಯಿಂದ 0.8. ಚೀಟಿ ಇಲ್ಲದೆ ಓಡಿಸಿದರೆ ಆಗಲೂ ಎಲ್ಲರೂ ಒಂದಾಗುತ್ತಾರೆ. ಚೀಟಿ ಇದ್ದರೆ ಒಂದು ಗುಂಪು 0.6ರ ಆಸುಪಾಸು, ಇನ್ನೊಂದು 0.4ರ ಆಸುಪಾಸು ನಿಂತುಬಿಡುತ್ತದೆ. ಜಗಳವೇನಿಲ್ಲ, ಮಾತೂ ಇಲ್ಲ.

ಜಗಳ ಬೇಕಾದರೆ ಇನ್ನೊಂದು ನಿಯಮ ಸೇರಿಸಬೇಕು: ಆಚೆಯವರ ಮಾತು ಹಿಡಿಸದಿದ್ದರೆ ಸುಮ್ನಿರದೆ ಉಲ್ಟಾ ಸರಿಯುವುದು. ಬರೆಯಲು ಒಂದೇ ಸಾಲು. ಹೆಚ್ಚಿನವರು ಹೋಗಿ 0ಗೂ 1ಕ್ಕೂ ಅಂಟಿಕೊಂಡರು. ಶುರುವಿನಲ್ಲಿ ಇಷ್ಟು ಕಟ್ಟಾ ಅಭಿಪ್ರಾಯದವರು ಬೆರಳೆಣಿಕೆಯಷ್ಟೇ ಇದ್ದರು.

ಆದರೆ ಕರಾವಳಿಯ ಕುಮಟೆಗೆ ಶಿರಸಿಯಿಂದ ಹೆಣ್ಣು ತಂದ ಮನೆಗಳಿವೆ, ಅವರನ್ನು ಬಿಟ್ಟರೆ ಹೇಗೆ? ಎರಡೂ ಕಡೆಯ ಮಾತಿಗೆ 0.3ರಷ್ಟು ಕಿವಿಗೊಡುವ, ಎರಡೂ ಕಡೆಯವರು ಅಷ್ಟೇ ಕಿವಿಗೊಡುವ ಕೆಲವು ನಂಟರನ್ನು ಹಾಕಿದೆ. ಉಲ್ಟಾ ಸರಿಯುವ ನಿಯಮ ಇಲ್ಲದಾಗ ಗುಂಪುಗಳು ನಿಧಾನಕ್ಕೆ ಒಂದಾದವು. ಆ ನಿಯಮದಿಂದ ಗುಂಪುಗಳು 0, 1ರ ತುದಿ ಮುಟ್ಟಿದ ಮೇಲೆ ಅದೇ ನಂಟರನ್ನು 0.5ರಲ್ಲಿ ನಿಲ್ಲಿಸಿದರೆ ಅವರ ಮಾತು ಯಾವ ಕಡೆಗೂ ಮುಟ್ಟುವುದಿಲ್ಲ.