ಕಾಡುಬೆಕ್ಕಿನ ಬಾಯಿಂದ ಬಿಡಿಸಿದ ಹೇಂಟೆ ಉಳಿದುಕೊಂಡ ಬಗೆ

ಕಾಡುಬೆಕ್ಕು ಹಲ್ಲು ಹಾಕಿದ ಕೋಳಿ ಉಳಿಯುವುದಿಲ್ಲ. ಕೊಪ್ಪದ ನಮ್ಮ ಕಡೆ ಈ ಮಾತು ಹೇಳದವರೇ ಇಲ್ಲ. ನನ್ನ ಕಪ್ಪು ಹೇಂಟೆ ಉಳಿದಿದೆ. ಉಳಿದದ್ದಷ್ಟೇ ಅಲ್ಲ, ಮತ್ತೆ ಮೊಟ್ಟೆ ಇಟ್ಟು, ಕಾವು ಕೂತು, ಎಂಟೋ ಒಂಬತ್ತೋ ಮರಿ ಮಾಡಿದೆ. ಆಗ ನಕ್ಕವರೇ ಈಗ ‘ಏನು ಹಚ್ಚಿದ್ದು?’ ಅಂತ ಕೇಳುತ್ತಿದ್ದಾರೆ. ಹಚ್ಚಿದ್ದು ತೀರಾ ಕಡಿಮೆ, ತೊಳೆದದ್ದೇ ಜಾಸ್ತಿ.

ಗಾಯ ಸಣ್ಣದಾಗಿರಲಿಲ್ಲ. ಬೆನ್ನಿನ ಚರ್ಮ ಅಂಗೈ ಅಗಲ ಹರಿದು ಮಾಂಸ ಕಾಣುತ್ತಿತ್ತು. ರೆಕ್ಕೆ ಬುಡದಲ್ಲಿ ಹಲ್ಲು ಇಳಿದ ಎರಡು ತೂತು. ಹರಿದ ಚರ್ಮ ನೋಡಿ ಎಲ್ಲರೂ ಹೆದರುತ್ತಾರೆ. ನನಗೆ ಹೆದರಿಕೆ ಆದದ್ದು ಆ ತೂತು ನೋಡಿ. ಬೆಕ್ಕಿನ ಬಾಯಿಯ ನಂಜು ಇಳಿಯುವುದು ಅಲ್ಲಿಂದಲೇ.

“ಕೊಯ್ದು ಸಾರು ಮಾಡು ಮಾರಾಯ, ಔಷಧಿಗೆ ಕೋಳಿಗಿಂತ ಜಾಸ್ತಿ ಖರ್ಚಾಗ್ತದೆ” ಅಂದರು ಪಕ್ಕದ ಮನೆಯ ಅಣ್ಣ. ಅವರ ಲೆಕ್ಕ ಸುಳ್ಳಲ್ಲ. ಒಂದೂವರೆ ಕೆ.ಜಿ. ತೂಗುವ ನಾಟಿ ಹೇಂಟೆಗೆ ಸಂತೆಯಲ್ಲಿ ಆರುನೂರು, ಏಳುನೂರು ಸಿಗಬಹುದು. ಆದರೆ ಇದು ವರ್ಷಕ್ಕೆ ಮೂರು ಸಲ ಕಾವು ಕೂರುವ ಹೇಂಟೆ. ಹತ್ತು ಮರಿ ಎಬ್ಬಿಸಿದರೆ ಏಳನ್ನಾದರೂ ಹದ್ದಿನ ಕಣ್ಣು ತಪ್ಪಿಸಿ ದೊಡ್ಡದು ಮಾಡುತ್ತದೆ. ನನ್ನ ಗಿರಿರಾಜ ತಳಿಯ ಕೋಳಿಗಳು ಮೊಟ್ಟೆ ಚೆನ್ನಾಗಿ ಕೊಡುತ್ತವೆ, ಕಾವಿಗೆ ಮಾತ್ರ ಕೂರುವುದಿಲ್ಲ. ಅವುಗಳ ಮೊಟ್ಟೆಗೂ ಈ ಹೇಂಟೆಯೇ ಬೇಕು. ಅಂಥದ್ದನ್ನು ಸಾರಿನ ಲೆಕ್ಕದಲ್ಲಿ ತೂಗಲು ಆಗುತ್ತದೆಯೇ?

ಹಿಂದೆ ಬೇರೆ ಕೋಳಿಗಳು ಹೋದದ್ದು ಹೇಗೆ ಅಂತ ಹೇಳಬೇಕು. ನಾಯಿ ಕಚ್ಚಿದ ಒಂದಕ್ಕೆ ಎಲ್ಲರೂ ಮಾಡುವಂತೆ ಅರಿಶಿನ, ತೆಂಗಿನೆಣ್ಣೆ ಕಲಸಿ ಹಚ್ಚಿ ಬಟ್ಟೆ ಕಟ್ಟಿದ್ದೆವು. ಮೇಲೆ ಚೆನ್ನಾಗಿ ಒಣಗಿತು. ಕೋಳಿ ಮೇವು ಬಿಟ್ಟಿತು, ವಾರದೊಳಗೆ ಸತ್ತಿತು. ಕೊಯ್ದು ನೋಡಿದರೆ ಒಳಗೆ ಗಟ್ಟಿ ಹಳದಿ ಉಂಡೆ. ಕೋಳಿಯ ಕೀವು ದನದ್ದರಂತೆ ಸೋರಿ ಹೋಗುವುದಿಲ್ಲ, ಒಳಗೇ ಗಟ್ಟಿಯಾಗಿ ಕೂರುತ್ತದೆ. ಮೇಲಿನ ಬಾಯಿ ಮುಚ್ಚಿದರೆ ಮುಗಿಯಿತು. ಎಣ್ಣೆ ಪುಕ್ಕಕ್ಕೆಲ್ಲ ಹರಡಿ, ಮಳೆಗಾಲದ ಚಳಿಗೆ ಅದು ನಡುಗುತ್ತಿದ್ದದ್ದು ಬೇರೆ. ಇನ್ನೊಂದು ಹೋದದ್ದು ಹುಳ ಬಿದ್ದು. ನೊಣ ಕೂತ ಮರುದಿನವೇ ಹುಳ ಎದ್ದಿತ್ತು. ದನಕ್ಕೆ ಹಾಕುವ ಟರ್ಪೆಂಟೈನ್, ಸೀಮೆಎಣ್ಣೆ, ಫಿನಾಯಿಲ್ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಕೋಳಿಯ ಚರ್ಮ ಕಾಗದದಷ್ಟು ತೆಳು, ಅದಕ್ಕೆ ಇವೆಲ್ಲ ಸುಡುವ ಪದಾರ್ಥ. ಹುಳ ಬಿದ್ದರೆ ಚಿಮಟದಲ್ಲಿ ಒಂದೊಂದೇ ತೆಗೆದು ಉಪ್ಪುನೀರಲ್ಲಿ ತೊಳೆಯುವುದೇ ದಾರಿ.

ಈ ಸಲ ಮೊದಲ ಒಂದು ಗಂಟೆ ಗಾಯ ತೊಳೆಯಲೇ ಇಲ್ಲ. ರಕ್ತ ಬರುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿದು, ಬುಟ್ಟಿಯಲ್ಲಿ ಕೂರಿಸಿ, ಮೇಲೆ ಗೋಣಿ ಮುಚ್ಚಿ ಬಚ್ಚಲ ಒಲೆ ಹತ್ತಿರ ಇಟ್ಟೆ. ಬೆದರಿದ ಕೋಳಿಯನ್ನು ಆಗಲೇ ಹಿಡಿದು ಎಳೆದಾಡಿದರೆ ಗಾಯಕ್ಕಿಂತ ಮೊದಲು ಗಾಬರಿಯೇ ಕೊಲ್ಲುತ್ತದೆ. ಕತ್ತಲೆ, ಬೆಚ್ಚಗಿನ ಜಾಗ ಸಿಕ್ಕಿದರೆ ಸುಮ್ನೆ ಕೂರುತ್ತದೆ. ಹಂಡೆ ಒಲೆ ಹೊಗೆಗೆ ನೊಣ ಬರುವುದಿಲ್ಲ ನಿಜ, ಆದರೆ ಹೊಗೆ ಕೋಳಿಯ ಉಸಿರಿಗೆ ಆಗುವುದಿಲ್ಲ. ರಾತ್ರಿಯೇ ಜಗಲಿ ಮೂಲೆಗೆ ತಂದೆ.

ಆಮೇಲೆ ತೊಳೆಯುವ ಕೆಲಸ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು. ಇಪ್ಪತ್ತು ಎಂ.ಎಲ್. ಸಿರಿಂಜು, ಸೂಜಿ ಬೇಡ. ಗಾಯದ ಸುತ್ತಲಿನ ಪುಕ್ಕ ಕತ್ತರಿಸಿ, ಒಳಗೆ ಸಿಕ್ಕಿದ್ದ ಮಣ್ಣು, ಪುಕ್ಕದ ಚೂರು ಎಲ್ಲ ಹೊರಗೆ ಬರುವ ತನಕ ನೀರು ಹೊಡೆದೆ. ಅರ್ಧ ಲೀಟರಿಗಿಂತ ಜಾಸ್ತಿಯೇ ಹಿಡಿಯಿತು. ಕೊನೆಗೆ ಹಾಲಿಲ್ಲದ ತೆಳು ಟೀ ಬಣ್ಣಕ್ಕೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್, ಗಾಯಕ್ಕೆ ಹಾಕುವ ಕಂದು ಬಣ್ಣದ ಔಷಧಿ. ಹೊಲಿಗೆ ಇಲ್ಲ, ಬಟ್ಟೆ ಇಲ್ಲ. ಗಾಯ ಬಾಯಿ ತೆರೆದೇ ಇರಬೇಕು, ಒಳಗಿಂದ ತುಂಬಿಕೊಂಡು ಬರಬೇಕು. ಮೊದಲ ವಾರ ದಿನಕ್ಕೆರಡು ಸಲ, ಆಮೇಲೆ ಒಂದು ಸಲ. ರಾತ್ರಿ ಹೊತ್ತು, ತಲೆಗೆ ಬಟ್ಟೆ ಮುಚ್ಚಿ ಮಾಡಿದರೆ ಹಿಡಿಯಲು ಇನ್ನೊಬ್ಬರು ಬೇಡ.

ಮರುದಿನ ಬೆಳಿಗ್ಗೆಯೇ ಪಶು ಆಸ್ಪತ್ರೆಗೆ ಒಯ್ದೆ. ಬೆಕ್ಕಿನ ಹಲ್ಲಿನ ವಿಷಯದಲ್ಲಿ ಮನೆಮದ್ದು ನಂಬಿ ಕೂರಬೇಡಿ. ಡಾಕ್ಟರು ತೂಕ ನೋಡಿ ಆ್ಯಂಟಿಬಯಾಟಿಕ್ ಬರೆದರು, ನೋವಿಗೆ ಒಂದು ಔಷಧಿ ಕೊಟ್ಟರು. ಪ್ರಮಾಣ ಇಲ್ಲಿ ಹಾಕುವುದಿಲ್ಲ, ನಿಮ್ಮ ಕೋಳಿಯ ತೂಕಕ್ಕೆ ಅವರೇ ಹೇಳಬೇಕು. ಮರಗಟ್ಟಿಸುವ ಮುಲಾಮು ಮನೆಯಲ್ಲಿದ್ದರೆ ನೀವಾಗಿ ಹಚ್ಚಬೇಡಿ, ಕೋಳಿಗೆ ಅದು ಬೇಗ ವಿಷವಾಗುತ್ತದೆ.

ಅರ್ಧ ಗೆದ್ದದ್ದು ಸೊಳ್ಳೆ ಪರದೆಯಿಂದ. ಮಗುವಿಗೆ ಮುಚ್ಚುವ ಛತ್ರಿಯಂಥ ಪರದೆ ಇರುತ್ತದಲ್ಲ, ಅದನ್ನು ಬುಟ್ಟಿ ಮೇಲೆ ಕವುಚಿದೆ. ಇನ್ನೂರೈವತ್ತು ರೂಪಾಯಿ ಇರಬೇಕು. ಆಷಾಢದ ಮಳೆಯಲ್ಲಿ ನಮ್ಮಲ್ಲಿ ನೊಣ ಎಷ್ಟು ಅಂತ ನಿಮಗೇ ಗೊತ್ತು. ಒಂದೂ ಹುಳ ಬೀಳಲಿಲ್ಲ. ಗಾಯದ ಒಳಗಲ್ಲ, ಸುತ್ತ ಒಂದಿಂಚು ಬಿಟ್ಟು ಬೇವಿನೆಣ್ಣೆ ತೆಳುವಾಗಿ ಸವರುತ್ತಿದ್ದೆ. ಅದಕ್ಕೆ ನಮ್ಮಜ್ಜಿ ಒಂದು ಸೊಪ್ಪಿನ ರಸ ಸೇರಿಸುತ್ತಿದ್ದರು, ನಾನೂ ಸೇರಿಸಿದೆ. ಅದು ಯಾವುದು ಅಂತ ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ತುಡುವೆ ಜೇನುತುಪ್ಪವನ್ನೂ ನೋಡಿದೆ. ಇದಕ್ಕಲ್ಲ, ಕಾಲು ತರಚಿದ್ದ ಇನ್ನೊಂದು ಪಟ್ಟೆ ಹೇಂಟೆಗೆ. ಗಾಯ ಚೆನ್ನಾಗಿ ಮಾಗಿತು, ಆದರೆ ಎರಡನೇ ರಾತ್ರಿಗೇ ಇರುವೆ ಸಾಲು ಹತ್ತಿತು. ಸ್ಟೂಲಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಟ್ಟು, ಅದರ ಮೇಲೆ ಬುಟ್ಟಿ ಇಟ್ಟ ಮೇಲೇ ನಿಂತದ್ದು. ಹಳೆ ಅಂಗಿ ತೋಳಿನಲ್ಲಿ ಕೋಳಿಗೊಂದು ಕೋಟು ಹೊಲಿದು ನೋಡಿದೆ. ತೊಡಿಸಿದ ಕೂಡಲೇ ಹಿಂದಕ್ಕೆ ಹಿಂದಕ್ಕೆ ನಡೆದು ಬಿದ್ದುಬಿಟ್ಟಿತು. ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ಕಪ್ಪು ಹೇಂಟೆಯ ಮೇವಿಗೆ ಎರಡು ದಿನ ಬೆಲ್ಲ, ಚಿಟಿಕೆ ಉಪ್ಪು ಹಾಕಿದ ನೀರು. ಆಮೇಲೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಅನ್ನದ ಜೊತೆ. ತೂಕ ಸುಮಾರು ಇನ್ನೂರು ಗ್ರಾಂ ಇಳಿದಿತ್ತು, ಮೂರನೇ ವಾರಕ್ಕೆ ಹತ್ತತ್ರ ಮೊದಲಿನಷ್ಟಾಯಿತು. ಆಗ ಗಾಯವೂ ರೂಪಾಯಿ ನಾಣ್ಯದಷ್ಟೇ ಉಳಿದಿತ್ತು. ಕತ್ತರಿಸಿದ ಪುಕ್ಕ ಮಾತ್ರ ಮುಂದಿನ ಪುಕ್ಕ ಉದುರುವ ಕಾಲದವರೆಗೆ ಮೋಟಾಗೇ ಇತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗುಂಪಿಗೆ ಬಿಡುವಾಗ ಆತುರ ಬೇಡ. ಕೆಂಪು ಕಂಡರೆ ಉಳಿದವು ಕುಕ್ಕಿ ಕುಕ್ಕಿ ಮತ್ತೆ ತೆರೆಯುತ್ತವೆ. ಒಂದು ವಾರ ಬುಟ್ಟಿಯನ್ನು ಅಂಗಳದಲ್ಲೇ ಇಟ್ಟೆ, ಎಲ್ಲವೂ ನೋಡಿಕೊಂಡಿರಲಿ ಅಂತ. ಪೂರ್ತಿ ಚರ್ಮ ಕೂಡಿದ ಮೇಲೆ ಕತ್ತಲಾದಾಗ ಒಡ್ಡಿಯೊಳಗೆ, ಅಂದರೆ ಕೋಳಿಗೂಡಿನೊಳಗೆ ಬಿಟ್ಟೆ. ಬೆಳಿಗ್ಗೆ ಹುಂಜ ಒಂದೆರಡು ಸಲ ಅಟ್ಟಿತು, ಅಷ್ಟೇ.

ಖರ್ಚು ಪರದೆ ಸೇರಿ ಎಂಟುನೂರರ ಆಸುಪಾಸು. ಪರದೆ, ಸಿರಿಂಜು, ಅರ್ಧ ಬಾಟಲಿ ಅಯೋಡಿನ್ ಮುಂದಿನದಕ್ಕೂ ಉಳಿದಿವೆ. ಔಷಧಿ ಕೊಟ್ಟ ದಿನಗಳಲ್ಲಿ ಮತ್ತು ಆಮೇಲೆ ಡಾಕ್ಟರು ಹೇಳಿದಷ್ಟು ದಿನ ಇಟ್ಟ ಮೊಟ್ಟೆ ತಿನ್ನಬಾರದು, ಮಾರಲೂಬಾರದು. ಎಲ್ಲ ಗಾಯಕ್ಕೂ ನಾನು ಕೈ ಹಾಕುವುದಿಲ್ಲ. ಕರುಳು ಹೊರಬಂದಿದ್ದರೆ, ಉಸಿರಾಡಿದಾಗ ಗಾಯದಲ್ಲಿ ಗುಳ್ಳೆ ಏಳುತ್ತಿದ್ದರೆ ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಆಗಲೇ ಡಾಕ್ಟರ ಹತ್ತಿರ ಒಯ್ಯಿರಿ. ಉಳಿದದ್ದಕ್ಕೆ ಮೊದಲು ಉಪ್ಪುನೀರು ಕುದಿಸಲು ಇಡಿ.