ಮಾಂಸಕ್ಕೆ ಕೋಣಗರು: ಪದವಿನ ಹುಲ್ಲು, ತೋಟದ ಹಾಳೆ

ಕಾಸರಗೋಡಿನ ಗಿಡ್ಡ ದನ ಸಿಕ್ಕಿದ್ದನ್ನು ಮೇದು ಬದುಕುವ ಗಟ್ಟಿ ಜೀವ. ಆದರೆ ಮೈಯಲ್ಲಿ ತೂಕ ಬರುವುದಿಲ್ಲ. ಮಾಂಸಕ್ಕೆಂದು ನಾನು ಸಾಕುವುದು ಮುರ್ರಾ ಎಂಬ ದೊಡ್ಡ ಮೈಯ ತಳಿಯ ಎಮ್ಮೆಯ ಗಂಡುಕರು.

ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ. ಆದರೂ ಮುರಕಲ್ಲಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬೋಳು ಬಯಲಿನಲ್ಲಿ, ಮಣ್ಣು ತೆಳು. ಜೂನಿನಲ್ಲಿ ಚಿಗುರಿದ ಮುಳಿಹುಲ್ಲು ಡಿಸೆಂಬರಿಗೆ ಒಣಗಿ ನಿಲ್ಲುತ್ತದೆ. ಹಾಗಾಗಿ ಕರು ತರುವ ತಿಂಗಳಲ್ಲೇ ಅರ್ಧ ಲಾಭ ಇದೆ. ಸೆಪ್ಟೆಂಬರಿನಲ್ಲಿ, ಆರು ತಿಂಗಳು ದಾಟಿದ 90–100 ಕಿಲೋದ ಕರು ತನ್ನಿ. ಜೂನಿನಲ್ಲಿ ಅಗ್ಗಕ್ಕೆ ಸಿಕ್ಕಿದರೂ ಬೇಡ. ಲಾರಿಯಲ್ಲಿ ಬಳಲಿ ಬಂದದ್ದು ಆಟಿಯ (ಜುಲೈ–ಆಗಸ್ಟಿನ) ಮಳೆಗೆ ನೆನೆದರೆ ನ್ಯುಮೋನಿಯಾ ಖಂಡಿತ. ಸೆಪ್ಟೆಂಬರಿನಲ್ಲಿ ಬಂದ ಕರು ದಿನಕ್ಕೆ 450 ಗ್ರಾಂ ಏರಿದರೂ ಮರುವರ್ಷದ ಕ್ರಿಸ್ಮಸ್‌ಗೆ 300 ಕಿಲೋ ಮುಟ್ಟುತ್ತದೆ.

ಕೊಳ್ಳುವಾಗ ಕಣ್ಣಿನ ಕೆಳರೆಪ್ಪೆ ಮಗುಚಿ ನೋಡಿ. ಕೆಂಪು ಇರಬೇಕು, ಬಿಳಿಚಿದ್ದರೆ ಹೊಟ್ಟೆಯಲ್ಲಿ ಹುಳ. ಬಾಲದ ಬುಡದಲ್ಲಿ ಸಗಣಿ ಅಂಟಿದ್ದರೆ ಭೇದಿ. ದವಡೆಯಡಿ ನೀರು ತುಂಬಿದ ಚೀಲದಂತೆ ಜೋತಿದ್ದರೆ ಎಷ್ಟಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಮೊದಲ ಮೂರು ವಾರ ಬೇರೆ ಹಟ್ಟಿ. ಬಂದ ದಿನ ಬೆಲ್ಲ, ಉಪ್ಪು ಬೆರೆಸಿದ ನೀರು, ಬೈಹುಲ್ಲು, ಅಷ್ಟೇ. ಹಸಿದಿದೆ ಎಂದು ಹಿಂಡಿ ಸುರಿದರೆ ಹೊಟ್ಟೆ ಕೆಡುತ್ತದೆ. ನಾಲ್ಕನೇ ದಿನ ಜಂತಿನ ಮದ್ದು, ಮೂರು ವಾರ ಕಳೆದು ಇನ್ನೊಮ್ಮೆ. ಚೇತರಿಸಿದ ಮೇಲೆ ಕಾಲುಬಾಯಿ ರೋಗಕ್ಕೂ ಗಳಲೆ (ಗಂಟಲು ಬಾತು ಉಸಿರು ಕಟ್ಟುವ) ರೋಗಕ್ಕೂ ಲಸಿಕೆ. ಗಳಲೆ ದನಕ್ಕಿಂತ ಎಮ್ಮೆ ಜಾತಿಗೆ ಬೇಗ ತಗಲುತ್ತದೆ, ಮಳೆಗೆ ಮುಂಚೆ ಪ್ರತಿವರ್ಷ ಹಾಕಿಸಲೇಬೇಕು.

100 ಕಿಲೋದ ಕರುವಿಗೆ ದಿನಕ್ಕೆ 8 ಕಿಲೋ ಹಸಿಹುಲ್ಲು, ಅರ್ಧ ಕಿಲೋ ಬೈಹುಲ್ಲು, 1 ಕಿಲೋ ಹಿಂಡಿ. ಬೇಸಗೆಯಲ್ಲಿ ಕೈಹಿಡಿಯುವುದು ಅಡಿಕೆ ತೋಟ: ನೀರು ಬೀಳುವ ಅಂಚಿನಲ್ಲಿ ಸಿಒ–3 ಎಂಬ ನೇಪಿಯರ್ ತಳಿಯ ಹುಲ್ಲು, ಜತೆಗೆ ಅಂದಂದು ಬಿದ್ದ ಹಸಿ ಹಾಳೆಯನ್ನು (ಅಡಿಕೆ ಸೋಗೆಯ ಬುಡದ ಅಗಲ ಪದರವನ್ನು) ಇಂಚಿಂಚು ಕೊಚ್ಚಿದ್ದು. ಹಾಳೆ ಬೈಹುಲ್ಲಿನ ಬದಲಿಗೆ ಮಾತ್ರ, ಹಿಂಡಿಯ ಬದಲಿಗಲ್ಲ. ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದು ಸಿಂಪಡಿಸಿದ ತೋಟದ ಹುಲ್ಲು ನಾಲ್ಕು ಮಳೆ ತೊಳೆಯುವವರೆಗೆ ಬೇಡ, ಮೈಲುತುತ್ತು ವಿಷ. ಮರಗೆಣಸಿನ ಹಸಿ ಸೊಪ್ಪಿನಲ್ಲಿ ಸಯನೈಡ್ ಇದೆ, ಗಂಟೆಯೊಳಗೆ ಕರು ಬಿದ್ದೀತು. ಹಲಸಿನಹಣ್ಣು ರಾಶಿ ಹಾಕಿದರೆ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ.

ಕೋಣಕ್ಕೆ ಬೆವರು ಗ್ರಂಥಿ ಕಡಿಮೆ, ಚರ್ಮ ಕಪ್ಪು. ಮಾರ್ಚಿನಿಂದ ಮೇವರೆಗೆ ನೀರಿಗಿಳಿಯದಿದ್ದರೆ ಅರೆಹೊಟ್ಟೆ ಮೇಯುತ್ತದೆ, ತೂಕ ನಿಲ್ಲುತ್ತದೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಮೋಟಾರಿಲ್ಲದೆ ಹರಿದು ಬರುವ ಮನೆಯವರು ಪುಣ್ಯವಂತರು, ದಿನಕ್ಕೆರಡು ಸಲ ಮೈಮೇಲೆ ಹರಿಸಿದರೆ ಸಾಕು. ಗದ್ದೆಯ ನಿಂತ ನೀರಿಗೆ ಬಿಡಬೇಡಿ. ಅಲ್ಲಿನ ಬಸವನಹುಳದಿಂದ ಲಿವರ್ ಹುಳ ಬರುತ್ತದೆ, ಮೇಲೆ ಹೇಳಿದ ದವಡೆಯ ಚೀಲ ಅದರದ್ದೂ ಒಂದು ಗುರುತು.

ಕೇರಳದಲ್ಲಿ ಮಾಂಸಕ್ಕೆ ವರ್ಷವಿಡೀ ಗಿರಾಕಿ. ಗಡಿಯ ತಲಪಾಡಿ ದಾಟಿದರೆ ಕಾನೂನು ಬೇರೆ: ಕರ್ನಾಟಕದಲ್ಲಿ 2021ರಿಂದ 13 ವರ್ಷದೊಳಗಿನ ಕೋಣ, ಎಮ್ಮೆಯ ವಧೆಗೂ ನಿಷೇಧ. ಆ ದಾರಿಯಾಗಿ ಕರು ತರುವುದಾದರೆ ಕಾಗದಪತ್ರ ಮೊದಲೇ ಸರಿಮಾಡಿಕೊಳ್ಳಿ.

ಮಾರುವಾಗ ಕಣ್ಣಂದಾಜಿಗೆ ಒಪ್ಪಬೇಡಿ. ಬೆಳಿಗ್ಗೆ ಮೇವು ಹಾಕುವ ಮುಂಚೆ, ನಾಲ್ಕು ಕಾಲೂ ಸಮನಾಗಿ ನಿಂತಾಗ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಹೆಗಲಿನ ತುದಿಯಿಂದ ಬಾಲದ ಪಕ್ಕದ ಎಲುಬಿನವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 60 ಇಂಚು ಸುತ್ತಳತೆ, 50 ಇಂಚು ಉದ್ದವಾದರೆ ಸುಮಾರು 273 ಕಿಲೋ. ಟೇಪನ್ನು ಗಿರಾಕಿಯ ಎದುರಿಗೇ ಹಿಡಿಯಿರಿ.