ದಾವಣಗೆರೆಯ ಬಿಸಿಲಿಗೆ ತಾಳುವ ಡ್ಯಾಶ್‌ಕ್ಯಾಮ್: ನಾನು ಆರಿಸಿದ ಬಗೆ, ಅಳವಡಿಸಿದ ಬಗೆ

ದಾವಣಗೆರೆಯಲ್ಲಿ ಮನೆ, ಚಿತ್ರದುರ್ಗದಲ್ಲಿ ಉದ್ಯೋಗ ಇರುವ ನನಗೆ ರಾಷ್ಟ್ರೀಯ ಹೆದ್ದಾರಿ 48 ದಿನನಿತ್ಯದ ದಾರಿ. ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ಕಡೆಗೆ ಸಾಗುವ ಆ ರಸ್ತೆಯ ಮುಖ್ಯ ಪಥದಲ್ಲಿ ಅಷ್ಟಾಗಿ ತಂಟೆಯಿಲ್ಲ; ತಂಟೆ ಇರುವುದು ಸರ್ವೀಸ್ ರಸ್ತೆಗಳಲ್ಲಿ, ಊರೊಳಗಿನ ಪಿ.ಬಿ. ರಸ್ತೆಯಲ್ಲಿ ಮತ್ತು ಹಳ್ಳಿಗಳಿಂದ ಬಂದು ಹೆದ್ದಾರಿಗೆ ಕೂಡುವ ಅಡ್ಡರಸ್ತೆಗಳಲ್ಲಿ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಮೆಕ್ಕೆಜೋಳ ತುಂಬಿಕೊಂಡು ವಾಲುತ್ತ ಹೋಗುವ ಲಾರಿ, ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲೇ ಬರುವ ಬೈಕು ಇವೆಲ್ಲ ಅಲ್ಲಿ ನಿತ್ಯದ ನೋಟ. ಸ್ವಲ್ಪ ತಾಗಿದರೂ ಜನ ಸೇರುತ್ತಾರೆ, ತಪ್ಪು ಯಾರದೆಂಬುದು ದನಿಯ ಎತ್ತರದ ಮೇಲೆ ತೀರ್ಮಾನವಾಗುತ್ತದೆ, ಮತ್ತು ಬಹುಪಾಲು ಸಂದರ್ಭಗಳಲ್ಲಿ ದೊಡ್ಡ ಗಾಡಿಯವನೇ ತಪ್ಪಿತಸ್ಥನಾಗುತ್ತಾನೆ. ಕಾರಿನ ಮುಂಗಾಜಿಗೆ ಅಂಟಿಕೊಂಡು ರಸ್ತೆಯ ದೃಶ್ಯವನ್ನು ದಾಖಲಿಸುತ್ತ ಹೋಗುವ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್ ಹಾಕಿಸಬೇಕೆಂದು ನಾನು ನಿಶ್ಚಯಿಸಿದ್ದು ಈ ಕಾರಣಕ್ಕೆ. ಕ್ಯಾಮೆರಾ, ಮೆಮೊರಿ ಕಾರ್ಡ್, ವೈರಿಂಗ್ ಎಲ್ಲ ಸೇರಿ ಆರು ಸಾವಿರ ರೂಪಾಯಿ ಮೀರಬಾರದೆಂಬುದು ನಾನೇ ಹಾಕಿಕೊಂಡ ಮಿತಿ.

ಈ ಬೆಲೆಯಲ್ಲಿ ಸಿಗುವ ಕ್ಯಾಮೆರಾಗಳ ಪೆಟ್ಟಿಗೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಚಿತ್ರದ ಸ್ಪಷ್ಟತೆಯನ್ನು ಸಾರುವ ‘4ಕೆ’ ಎಂಬ ದೊಡ್ಡಕ್ಷರ. ನಾನು ಅದನ್ನು ಬದಿಗಿಟ್ಟು, ಒಳಗೆ ವಿದ್ಯುತ್ ಹಿಡಿದಿಡುವುದು ಲಿಥಿಯಂ ಬ್ಯಾಟರಿಯೋ ಸೂಪರ್ ಕೆಪಾಸಿಟರೋ ಎಂಬುದನ್ನು ಮೊದಲು ನೋಡಿದೆ. ನಮ್ಮ ಕಚೇರಿಯ ಆವರಣದಲ್ಲಿ ನೆರಳಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಉಷ್ಣಾಂಶವೇ 38 ಡಿಗ್ರಿ ಸುತ್ತ ಇರುವಾಗ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅದು 60 ಡಿಗ್ರಿ ಮುಟ್ಟುವುದು ಅಪರೂಪವಲ್ಲ, ಗಾಜಿಗೆ ಅಂಟಿಕೊಂಡ ವಸ್ತುವಂತೂ ಇನ್ನೂ ಕಾಯುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಮಧ್ಯಾಹ್ನವೆಲ್ಲ ಬಿಸಿಲಿಗೆ ನಿಂತ ಗಾಡಿಯ ಕೀ ತಿರುಗಿಸಿದ ಕೂಡಲೇ ಕ್ಯಾಮೆರಾ ಮಾಡುವುದು ಅದನ್ನೇ. ಪರಿಚಯದವರೊಬ್ಬರ ಅಗ್ಗದ ಕ್ಯಾಮೆರಾದಲ್ಲಿ ಬ್ಯಾಟರಿ ಉಬ್ಬಿ, ಹಿಂಬದಿಯ ಮುಚ್ಚಳ ಬಾಯ್ದೆರೆದು ನಿಂತಿದ್ದನ್ನು ನಾನೇ ನೋಡಿದ್ದೇನೆ. ಸೂಪರ್ ಕೆಪಾಸಿಟರ್ ಇಷ್ಟು ಬಿಸಿಗೆ ಜಗ್ಗುವುದಿಲ್ಲ. ಅದು ಹಿಡಿದಿಡುವ ವಿದ್ಯುತ್ತು ಕೆಲವೇ ಕ್ಷಣಗಳಷ್ಟಿದ್ದರೂ, ಅಪಘಾತದಲ್ಲಿ ತಂತಿ ಕಳಚಿದರೆ ಕೊನೆಯ ಕಡತವನ್ನು ಕ್ರಮವಾಗಿ ಮುಚ್ಚಿ ಉಳಿಸಲು ಅಷ್ಟು ಸಾಕು. ವಿವರಪಟ್ಟಿಯಲ್ಲಿ ಎಲ್ಲಿಯೂ ಕೆಪಾಸಿಟರ್ ಎಂದು ಬರೆದಿರದ ಮಾದರಿಗಳನ್ನು ನಾನು ಅಲ್ಲಿಯೇ ಕೈಬಿಟ್ಟೆ.

ಎರಡನೆಯದಾಗಿ ನೋಡಿದ್ದು ಸೆನ್ಸರ್, ಅಂದರೆ ಮಸೂರದ ಹಿಂದೆ ಚಿತ್ರ ಹಿಡಿಯುವ ಚಿಪ್. ಸೋನಿಯ ಐಎಂಎಕ್ಸ್ 307 ಎರಡು ಮೆಗಾಪಿಕ್ಸೆಲ್ಲಿನದು, ಐಎಂಎಕ್ಸ್ 335 ಐದು ಮೆಗಾಪಿಕ್ಸೆಲ್ಲಿನದು. 4ಕೆ ಚಿತ್ರಕ್ಕೆ ಎಂಟು ಮೆಗಾಪಿಕ್ಸೆಲ್ ಬೇಕು. ಹೀಗಿರುವಾಗ ಎರಡು ಮೆಗಾಪಿಕ್ಸೆಲ್ ಸೆನ್ಸರಿನ ಕ್ಯಾಮೆರಾ 4ಕೆ ಎಂದು ಹೇಳಿಕೊಂಡರೆ, ಅದು ಚಿಕ್ಕ ಚಿತ್ರವನ್ನು ತಂತ್ರಾಂಶದಿಂದ ಹಿಗ್ಗಿಸಿ ಕಾರ್ಡಿನ ಜಾಗ ತಿನ್ನುತ್ತದೆಯೇ ಹೊರತು ನಂಬರ್ ಪ್ಲೇಟ್ ಓದುವುದಕ್ಕೆ ಒಂದಿಷ್ಟೂ ಸಹಾಯ ಮಾಡುವುದಿಲ್ಲ. ಸೆನ್ಸರಿನ ಹೆಸರನ್ನೇ ಹೇಳದ ಮಾರಾಟಗಾರರನ್ನು ನಾನು ಸಂಶಯದಿಂದಲೇ ನೋಡುತ್ತೇನೆ. 70ಮೈ, ಕ್ಯೂಬೋ, ಡಿಡಿಪೈ ಮುಂತಾದ ಕಂಪನಿಗಳ ಆರಂಭಿಕ ಮಾದರಿಗಳು ನಾನು ಹುಡುಕುವಾಗ ಸಾಮಾನ್ಯವಾಗಿ ಮೂರರಿಂದ ಐದು ಸಾವಿರದೊಳಗೆ ದೊರೆಯುತ್ತಿದ್ದವು. ಅವುಗಳಲ್ಲಿ 1080ಪಿ (ಅಂದರೆ ಎರಡು ಮೆಗಾಪಿಕ್ಸೆಲ್) ಸ್ಪಷ್ಟತೆಯ, ಪರದೆಯಿಲ್ಲದ, ಚಿಕ್ಕ ಗಾತ್ರದ ಒಂದನ್ನು ಆರಿಸಿದೆ. ಪರದೆ ಬೇಡವೆಂದದ್ದಕ್ಕೆ ಕಾರಣವಿಷ್ಟೇ: ಹೊಳೆಯುವ ಪರದೆ ಚಾಲಕನ ಕಣ್ಣನ್ನು ಸೆಳೆಯುತ್ತದೆ, ಹೊರಗೆ ನಿಂತವರ ಕಣ್ಣನ್ನೂ ಸೆಳೆಯುತ್ತದೆ. ವೀಕ್ಷಣಾ ಕೋನದ ವಿಷಯದಲ್ಲಿಯೂ ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಮಾತು ನಿಲ್ಲುವುದಿಲ್ಲ. 170 ಡಿಗ್ರಿಯ ಮಸೂರದಲ್ಲಿ ಎದುರಿನ ಗಾಡಿ ಇರುವುದಕ್ಕಿಂತ ದೂರದಲ್ಲಿ, ಚಿಕ್ಕದಾಗಿ ಕಾಣುತ್ತದೆ. 140 ಡಿಗ್ರಿ ಆಸುಪಾಸಿನದು ನಮ್ಮ ರಸ್ತೆಗಳಿಗೆ ಸಾಕು.

ಹಣ ಖರ್ಚು ಮಾಡಬೇಕಾದ ಜಾಗ ಮೆಮೊರಿ ಕಾರ್ಡ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫೋನಿನಲ್ಲಿ ಕಾರ್ಡಿಗೆ ಆಗೊಮ್ಮೆ ಈಗೊಮ್ಮೆ ಕೆಲಸ. ಡ್ಯಾಶ್‌ಕ್ಯಾಮಿನಲ್ಲಿ ಗಾಡಿ ಓಡುವಷ್ಟು ಹೊತ್ತೂ ಬರೆಯುವುದು, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಮತ್ತೆ ಬರೆಯುವುದು. ಸೆಕೆಂಡಿಗೆ 15 ಮೆಗಾಬಿಟ್ ದರದಲ್ಲಿ ಬರೆಯುವ 1080ಪಿ ಕ್ಯಾಮೆರಾ ಗಂಟೆಗೆ ಹೆಚ್ಚುಕಡಿಮೆ 6.75 ಜಿಬಿ ತುಂಬಿಸುತ್ತದೆ. ಅಂದರೆ 64 ಜಿಬಿ ಕಾರ್ಡಿನಲ್ಲಿ ಸುಮಾರು ಒಂಬತ್ತು ಗಂಟೆಯ ಓಟ ಉಳಿಯುತ್ತದೆ, ಅದಕ್ಕೂ ಹಿಂದಿನದು ಅಳಿದುಹೋಗುತ್ತದೆ. ಸಾಮಾನ್ಯ ಕಾರ್ಡ್ ಈ ದುಡಿತಕ್ಕೆ ಬೇಗ ಸವೆಯುತ್ತದೆ, ಮತ್ತು ಸವೆದದ್ದು ತಿಳಿಯುವುದು ಬಹುತೇಕ ದೃಶ್ಯ ಬೇಕಾದ ದಿನವೇ. ಆದ್ದರಿಂದ ಎಂಡ್ಯೂರೆನ್ಸ್ ಎಂದು ಹೆಸರಿಟ್ಟು ಮಾರುವ ಸ್ಯಾನ್‌ಡಿಸ್ಕ್ ಅಥವಾ ಸ್ಯಾಮ್‌ಸಂಗ್ ಕಾರ್ಡುಗಳನ್ನೇ ಕೊಳ್ಳಬೇಕು. ಬೆಲೆ ಸಾಮಾನ್ಯ ಕಾರ್ಡಿಗಿಂತ ಹೆಚ್ಚು, ಆದರೆ ಅವು ಇಂಥ ನಿರಂತರ ಬರವಣಿಗೆಗೆಂದೇ ತಯಾರಾದವು. ನಕಲಿ ಕಾರ್ಡುಗಳ ಹಾವಳಿ ಇರುವುದರಿಂದ ಬಿಲ್ಲಿನೊಂದಿಗೆ ಕೊಂಡು, ಮನೆಗೆ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿಸಿ, ಮರಳಿ ಓದಿಸಿ ಪರೀಕ್ಷಿಸಿದೆ. ಆ ಬಳಿಕ ಫಾರ್ಮ್ಯಾಟ್ ಮಾಡಿದ್ದು ಮಾತ್ರ ಕ್ಯಾಮೆರಾದಲ್ಲಿಯೇ.

ಅಂಟಿಸುವ ಜಾಗಕ್ಕೆ ಬರೋಣ. ಒಳಗನ್ನಡಿಯ ಹಿಂದೆ, ಎಡ ಬದಿಯ ಪ್ರಯಾಣಿಕರ ಕಡೆಗೆ, ಚಾಲಕನ ದೃಷ್ಟಿಗೆ ಅಡ್ಡ ಬಾರದಂತೆ ಕ್ಯಾಮೆರಾ ಕೂರಬೇಕು. ಅದೇ ಸಮಯದಲ್ಲಿ ಅದರ ಮಸೂರದ ಎದುರಿನ ಗಾಜು ವೈಪರ್ ಒರೆಸುವ ವ್ಯಾಪ್ತಿಯೊಳಗೇ ಇರಬೇಕು, ಇಲ್ಲವಾದರೆ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನೀರಿನ ಹನಿಗಳ ಹೊರತು ಬೇರೇನೂ ದಾಖಲಾಗದು. ಗಾಜಿನ ಮೇಲಂಚಿನಲ್ಲಿರುವ ಕಪ್ಪು ಚುಕ್ಕಿಗಳ ಪಟ್ಟಿಯ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅದರ ಕೆಳಗೆ ಇಳಿಸಿಯೇ ಅಂಟಿಸಬೇಕು. ಮೊದಲು ಕಾಗದದ ಅಂಟುಪಟ್ಟಿಯಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಫೋನಿನ ಆ್ಯಪ್‌ನಲ್ಲಿ ದೃಶ್ಯ ನೋಡಿಕೊಂಡೆ. ಬಾನೆಟ್ಟಿನ ತುದಿ ಚಿತ್ರದ ತಳದಲ್ಲಿ ತೆಳುವಾಗಿ ಕಾಣುವಂತೆ, ದಿಗಂತ ನಡುಮಧ್ಯಕ್ಕೆ ಬರುವಂತೆ ಹೊಂದಿಸಿದ ಮೇಲೆ, ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಅಂಟುಪಟ್ಟಿಯನ್ನು ಒತ್ತಿ ಹಿಡಿದೆ. ಒಂದು ದಿನ ಹಾಗೆಯೇ ಬಿಟ್ಟು ಮರುದಿನ ಕ್ಯಾಮೆರಾ ತೂಗುಹಾಕಿದ್ದರಿಂದ ಅಂಟು ಇಂದಿಗೂ ಅಲುಗಿಲ್ಲ.

ಇಲ್ಲಿಯೇ ಒಂದು ಸಣ್ಣ ವಿಷಯ. ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ ಗಣಪತಿಯ ಮೂರ್ತಿ, ಪಾಲಿಶ್ ಹಚ್ಚಿದ ಮೇಲ್ಮೈ, ಬಿಸಿಲಿಗೆಂದು ಹಾಸಿದ ಬಿಳಿ ಟವೆಲು ಎಲ್ಲವೂ ಗಾಜಿನಲ್ಲಿ ಪ್ರತಿಬಿಂಬಿಸಿ ದೃಶ್ಯದ ಮೇಲೆ ತೆಳುವಾಗಿ ತೇಲುತ್ತವೆ. ಪ್ರತಿಬಿಂಬ ತಗ್ಗಿಸುವ ಸಿಪಿಎಲ್ ಫಿಲ್ಟರ್ ಸಿಗುತ್ತದೆ, ಆದರೆ ಅದು ಬೆಳಕನ್ನೂ ತಗ್ಗಿಸುವುದರಿಂದ ರಾತ್ರಿಯ ಚಿತ್ರ ಮಂಕಾಗುತ್ತದೆ. ನಾನು ಗಣಪತಿಯನ್ನು ಎಡಗಡೆಯ ಮೂಲೆಗೆ ಸರಿಸಿ, ಟವೆಲನ್ನು ತೆಗೆದಿಟ್ಟು, ಫಿಲ್ಟರಿನ ಹಣ ಉಳಿಸಿದೆ.

ವೈರಿಂಗ್ ವಿಷಯದಲ್ಲಿ ಎರಡು ದಾರಿಗಳಿವೆ. 12 ವೋಲ್ಟಿನ ಚಾರ್ಜಿಂಗ್ ಸಾಕೆಟ್ಟಿಗೆ ಚುಚ್ಚುವುದು ಎಲ್ಲಕ್ಕಿಂತ ಸುಲಭ, ಆದರೆ ಫೋನ್ ಚಾರ್ಜ್ ಮಾಡಲು ಮನೆಯವರು ಅದನ್ನು ಕಿತ್ತು ಮತ್ತೆ ಹಾಕುವುದನ್ನು ಮರೆತರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಹಾಗಾಗಿ ಫ್ಯೂಸ್ ಪೆಟ್ಟಿಗೆಯಿಂದ ವಿದ್ಯುತ್ ಪಡೆಯುವ ಹಾರ್ಡ್‌ವೈರ್ ಕಿಟ್ ತರಿಸಿದೆ. ಕೆಲಸಕ್ಕೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ನರ ಬಳಿ ಹೋದಾಗ ಅವರು, “ಕಿಟ್ಟೆಲ್ಲಾ ಯಾಕ್ರೀ ಸರ್, ಈ ವೈರ್ ಕಟ್ ಮಾಡಿ ಜಾಯಿಂಟ್ ಕೊಟ್ಟು ಟೇಪ್ ಸುತ್ತಿಬಿಡ್ತೀನಿ, ಏನಾಗಲ್ಲ” ಎಂದರು. ಅವರ ಕೈಚಳಕದಲ್ಲಿ ನನಗೆ ಅನುಮಾನವಿರಲಿಲ್ಲ, ಆದರೆ ಗಾಡಿಯ ಮೂಲ ತಂತಿಯನ್ನು ಕತ್ತರಿಸಿದರೆ ಮುಂದೆ ವಾರಂಟಿಯ ಪ್ರಶ್ನೆ ಏಳುತ್ತದೆ, ಬಿಸಿಗೆ ಟೇಪಿನ ಗೋಂದು ಕರಗಿ ಜಾರುವುದೂ ಉಂಟು. ಬದಲಿಗೆ ಫ್ಯೂಸ್ ಟ್ಯಾಪ್ ಬಳಸಬೇಕೆಂದು ಕೇಳಿಕೊಂಡೆ. ಇರುವ ಫ್ಯೂಸನ್ನು ಕಿತ್ತು ಆ ಜಾಗಕ್ಕೆ ಟ್ಯಾಪ್ ಸಿಕ್ಕಿಸಿದರೆ, ಅದರ ಒಂದು ಮನೆಯಲ್ಲಿ ಹಳೆಯ ಫ್ಯೂಸು, ಇನ್ನೊಂದರಲ್ಲಿ ಕ್ಯಾಮೆರಾದ 2 ಆಂಪಿಯರ್ ಫ್ಯೂಸು ಕೂರುತ್ತದೆ, ಯಾವ ತಂತಿಯನ್ನೂ ಮುಟ್ಟಬೇಕಿಲ್ಲ. ಫ್ಯೂಸುಗಳಲ್ಲಿ ಮಿನಿ, ಲೋ ಪ್ರೊಫೈಲ್ ಮಿನಿ ಎಂದು ಹಲವು ಗಾತ್ರಗಳಿರುವುದರಿಂದ ಗಾಡಿಯಲ್ಲಿರುವುದು ಯಾವುದೆಂದು ಕಿತ್ತು ನೋಡಿಯೇ ಟ್ಯಾಪ್ ಕೊಳ್ಳಬೇಕು.

ಚಾರ್ಜಿಂಗ್ ಸಾಕೆಟ್ಟಿನ ಫ್ಯೂಸನ್ನೇ ಆಯ್ದುಕೊಂಡು, ಕೀ ಹಾಕಿದಾಗ ಮಾತ್ರ ಅಲ್ಲಿ 12 ವೋಲ್ಟ್ ಬರುತ್ತದೆ, ತೆಗೆದರೆ ಸೊನ್ನೆಗೆ ಇಳಿಯುತ್ತದೆ ಎಂಬುದನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಂಡೆವು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ನಿಯಂತ್ರಣದ ಫ್ಯೂಸುಗಳಿಗೆ ಯಾವ ಕಾರಣಕ್ಕೂ ಕೈ ಹಾಕಬಾರದು. ಕಿಟ್ಟಿನ ಕಪ್ಪು ತಂತಿ ಅರ್ತ್‌ನದು, ಅದನ್ನು ಕಾರಿನ ಮೈಯ ಬಣ್ಣವಿಲ್ಲದ ಲೋಹದ ಬೋಲ್ಟಿಗೆ ಬಿಗಿದೆವು. ಉಳಿದದ್ದು ಎರಡು ತಂತಿ: ಕೀಗೆ ಕಟ್ಟುಬಿದ್ದ ಕೆಂಪು, ಸದಾ ವಿದ್ಯುತ್ ಬಯಸುವ ಹಳದಿ. ಹಳದಿಯ ಉದ್ದೇಶ, ನಿಲ್ಲಿಸಿದ ಗಾಡಿಯ ಮೇಲೂ ಕಣ್ಣಿಡುವ ಪಾರ್ಕಿಂಗ್ ಮೋಡ್. ನಾನು ಅದನ್ನು ಬೇಡವೆಂದು ಎರಡೂ ತಂತಿಗಳನ್ನು ಕೀಯೊಂದಿಗೆ ಆರುವ ಅದೇ ಫ್ಯೂಸಿಗೆ ಕೊಡಿಸಿದೆ. ಕ್ಯಾಮೆರಾ ಸುಮಾರು 4 ವಾಟ್ ಎಳೆದರೆ 12 ವೋಲ್ಟಿನಲ್ಲಿ ಅದು ಮೂರನೇ ಒಂದು ಆಂಪಿಯರ್, ದಿನಕ್ಕೆ 8 ಆಂಪಿಯರ್-ಗಂಟೆ. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಎರಡು ದಿನದ ರಜೆ ಬಂದರೆ ಅರ್ಧದಷ್ಟು ಬರಿದಾಯಿತು. ವೋಲ್ಟೇಜ್ ಇಳಿದಾಗ ತಾನೇ ಕಡಿತ ಮಾಡುವ ವ್ಯವಸ್ಥೆ ಕಿಟ್ಟಿನಲ್ಲಿರುತ್ತದೆಂಬುದು ನಿಜ, ಆದರೆ ಹಳೆಯ ಬ್ಯಾಟರಿಯಲ್ಲಿ ಅದರ ಲೆಕ್ಕ ನಂಬುವಂತಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚಿತ್ರದುರ್ಗದ ಬಯಲಿನಲ್ಲಿ ಕಾಯುತ್ತ ನಿಂತ ಕಾರಿನೊಳಗೆ ಕ್ಯಾಮೆರಾವನ್ನು ದಿನವಿಡೀ ದುಡಿಸುವುದು ಅದರ ಆಯುಷ್ಯವನ್ನು ಕೈಯಾರೆ ಕಡಿಮೆ ಮಾಡಿದಂತೆ. ರಾತ್ರಿ ಬೀದಿಯಲ್ಲೇ ಗಾಡಿ ನಿಲ್ಲಿಸುವವರ ಲೆಕ್ಕ ಬೇರೆಯಾಗಬಹುದು.

ತಂತಿ ಎಳೆಯುವ ಕೆಲಸವನ್ನು ನಾನೇ ಮಾಡಿದೆ. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ತಂತಿಯನ್ನು ಒತ್ತುತ್ತ ಹೋದರೆ ಅದು ಗಾಜಿನ ಮೇಲಂಚಿನ ರೂಫ್ ಲೈನಿಂಗ್ ಒಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಮೂಲೆಯಿಂದ ಕೆಳಗೆ, ಮುಂಗಾಜಿಗೂ ಚಾಲಕನ ಬಾಗಿಲಿಗೂ ನಡುವಿನ ಕಂಬದ ಪ್ಲಾಸ್ಟಿಕ್ ಹೊದಿಕೆಯನ್ನು ಸಡಿಲಿಸಿ, ಒಳಗೆ ಮೊದಲೇ ಇರುವ ತಂತಿಗಳ ಕಟ್ಟಿಗೆ ಕೇಬಲ್ ಟೈನಿಂದ ಬಿಗಿದು, ಬಾಗಿಲಿನ ರಬ್ಬರ್ ಬೀಡಿಂಗ್ ಪಕ್ಕದಿಂದ ಫ್ಯೂಸ್ ಪೆಟ್ಟಿಗೆಗೆ ಇಳಿಸಿದೆ. ನನ್ನ ಕಾರಿನ ಕಂಬದಲ್ಲಿ ಏರ್‌ಬ್ಯಾಗ್ ಇಲ್ಲ. ಇರುವ ಗಾಡಿಗಳಲ್ಲಿ ತಂತಿ ಏರ್‌ಬ್ಯಾಗಿನ ಹಿಂಬದಿಯಿಂದಲೇ ಹೋಗಬೇಕು, ಮುಂದಿನಿಂದ ಹಾದರೆ ಅದು ತೆರೆದುಕೊಳ್ಳುವ ರಭಸಕ್ಕೆ ಅಡ್ಡಿಯಾಗುತ್ತದೆ. ಅಂಥ ಗಾಡಿಯವರು ಈ ಭಾಗವನ್ನು ಸರ್ವೀಸ್ ಕೇಂದ್ರಕ್ಕೆ ಬಿಡುವುದು ಕ್ಷೇಮ.

ಸೆಟ್ಟಿಂಗುಗಳಲ್ಲಿ ಹೆಚ್ಚು ಗಮನ ಬೇಡಿದ್ದು ಜಿ-ಸೆನ್ಸರ್. ಅದು ಹೊಡೆತವನ್ನು ಗ್ರಹಿಸಿ ಆ ಕ್ಷಣದ ಕಡತ ಅಳಿಯದಂತೆ ಬೀಗ ಹಾಕುತ್ತದೆ. ನಮ್ಮ ಊರುಗಳ ರಸ್ತೆಯುಬ್ಬುಗಳ ಮೇಲೆ ಹಾಯುವಾಗಲೆಲ್ಲ ಅಪಘಾತವಾಯಿತೆಂದೇ ಅದು ಭಾವಿಸುವುದರಿಂದ, ಬೀಗ ಬಿದ್ದ ಕಡತಗಳೇ ಕಾರ್ಡಿನ ಜಾಗ ತಿನ್ನತೊಡಗುತ್ತವೆ. ಸೂಕ್ಷ್ಮತೆಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ, ಬೇಕಾದಾಗ ಗುಂಡಿ ಒತ್ತಿ ಕೈಯಾರೆ ಬೀಗ ಹಾಕುವ ರೂಢಿ ಮಾಡಿಕೊಂಡೆ. ಕಡತದ ಉದ್ದ ಒಂದು ನಿಮಿಷ, ಬೀದಿದೀಪಗಳ ಮಿಣುಕು ಚಿತ್ರದಲ್ಲಿ ಕಾಣದಿರಲು ಆವರ್ತನ 50 ಹರ್ಟ್ಸ್, ದಿನಾಂಕ ಮತ್ತು ಸಮಯ ದೃಶ್ಯದ ಮೇಲೆ. ಮೈಕ್ ಮುಚ್ಚಿಟ್ಟಿದ್ದೇನೆ, ಏಕೆಂದರೆ ಕಾರಿನಲ್ಲಿ ಮನೆಯವರಾಡುವ ಮಾತು ದಾಖಲಾಗಬೇಕಾದ ಅಗತ್ಯವಿಲ್ಲ.

ರಾತ್ರಿಯ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಹೊಸ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷತೆಯ ನೋಂದಣಿ) ಫಲಕಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ, ಆದ್ದರಿಂದ ನಮ್ಮದೇ ಹೆಡ್‌ಲೈಟಿಗೆ ಮುಂದಿನ ಗಾಡಿಯ ಕೆಎ-17 ಎಂಬ ಅಕ್ಷರಗಳು ಬೆಳ್ಳಗೆ ಕರಗಿಹೋಗುತ್ತವೆ. ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ತೆಗೆದುಕೊಳ್ಳುವ ಬೆಳಕಿನ ಪ್ರಮಾಣವನ್ನು ಅರ್ಧ ಹಂತ ಇಳಿಸಿದ ಮೇಲೆ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಪ್ಲೇಟ್ ಸ್ಪಷ್ಟವಿಲ್ಲದಿದ್ದರೂ ಯಾವ ಪಥದಲ್ಲಿ ಯಾರಿದ್ದರು, ಬ್ರೇಕ್ ದೀಪ ಯಾವಾಗ ಹೊತ್ತಿತು ಎಂಬುದು ತಿಳಿಯುತ್ತದೆ. ಅಗತ್ಯ ಬಿದ್ದರೆ ಮೈಕ್ ತೆರೆದು ಕಣ್ಣಿಗೆ ಕಂಡ ನಂಬರನ್ನು ಬಾಯಿಬಿಟ್ಟು ಹೇಳಿದರೆ ದನಿಯಲ್ಲಾದರೂ ಅದು ಉಳಿಯುತ್ತದೆ. ಜಿಪಿಎಸ್ ಇರುವ ಕ್ಯಾಮೆರಾ ನಮ್ಮ ವೇಗವನ್ನೂ ಬರೆದಿಡುತ್ತದೆ, ಆ ಸಾಕ್ಷಿ ನಮ್ಮ ವಿರುದ್ಧವೂ ನಿಲ್ಲಬಹುದೆಂಬುದನ್ನು ತಿಳಿದೇ ಕೊಳ್ಳಬೇಕು.

ಇನ್ನು, ನಿಜವಾಗಿ ಏನಾದರೂ ನಡೆದರೆ ಮಾಡಬೇಕಾದದ್ದು. ಗುಂಡಿ ಒತ್ತಿ ಬೀಗ ಹಾಕಿ, ಕ್ಯಾಮೆರಾ ಆರಿಸಿ, ಕಾರ್ಡನ್ನು ಹೊರತೆಗೆದು ಹಾಗೆಯೇ ಇಡಬೇಕು. ಕ್ಯಾಮೆರಾಕ್ಕೆ ಬೇರೆ ಕಾರ್ಡ್ ಹಾಕಿದರಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಪ್ರಮಾಣಪತ್ರ ಲಗತ್ತಿಸಬೇಕು, ಮತ್ತು ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದಲೇ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಕೇತವನ್ನು ನಮೂದಿಸಬೇಕು. ತುಣುಕನ್ನು ಕತ್ತರಿಸಿದರೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿದರೆ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ, ಹ್ಯಾಶ್ ಕೂಡ ಬದಲಾಗುತ್ತದೆ. ವಿಮಾ ಕಂಪನಿಯವರಿಗೋ ಠಾಣೆಗೋ ತೋರಿಸಲು ಪೆನ್‌ಡ್ರೈವಿಗೆ ನಕಲು ಮಾಡಿಕೊಟ್ಟು, ಮೂಲ ಕಾರ್ಡನ್ನು ವಕೀಲರು ಕೇಳುವವರೆಗೆ ದಿನಾಂಕ ಬರೆದ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡುವುದು ಸರಿಯಾದ ಕ್ರಮ.